ಬಿತ್ತೋ ರಾಗಿ, ತಿನ್ನೋ ರಾಗಿ

ಹೋದ ವರ್ಷ ಮೇ ತಿಂಗಳ ಒಂದು ಶನಿವಾರ. ಬೆಳಿಗ್ಗೆ ಆರೂಕಾಲಿಗೆ ಅವ್ವನ ಫೋನು. ಅಷ್ಟು ಹೊತ್ತಿಗೆ ಊರಿಂದ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆ. ಊರು ಬಿಟ್ಟು ಬೆಂಗಳೂರಲ್ಲಿ ಇರುವ ಎಲ್ಲರಿಗೂ ಗೊತ್ತಿರುವ ಸಂಕಟ ಇದು. ಅವ್ವನಿಗೂ ಗೊತ್ತು. ಅದಕ್ಕೇ “ಯಾರ್ಗೂ ಏನೂ ಆಗಿಲ್ಲ ಕನ ಮಗ, ಗಾಬ್ರಿ ಬ್ಯಾಡ” ಅಂತಲೇ ಶುರು ಮಾಡಿದಳು. ಆಮೇಲೆ ಹೇಳಿದಳು: “ನಿನ್ನ ಡಬ್ಬ ಏಳ್ತಾ ಇಲ್ಲ.”

ಡಬ್ಬ ಅಂದರೆ ನಮ್ಮ ಹೂಗ್ಯಂ ಮನೆಯ ಟಿವಿ ಸ್ಟ್ಯಾಂಡ್ ಕೆಳಗೆ ಕೂತಿದ್ದ ಹಳೇ ಡೆಸ್ಕ್‌ಟಾಪ್ ಕಂಪ್ಯೂಟರ್. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು, ಡೆಬಿಯನ್ ಲಿನಕ್ಸ್ ಹಾಕಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಊರಿಗೆ ಒಯ್ದಿದ್ದೆ. ಹಿಂದಿನ ರಾತ್ರಿ ಗುಡುಗು ಮಳೆ. ಕರೆಂಟು ಹೋಗಿ ಬಂದು, ಹೋಗಿ ಬಂದು ಆಟವಾಡಿತ್ತಂತೆ. ಬೆಳಿಗ್ಗೆ ಅತ್ತಿಗೆ ಬಟನ್ ಒತ್ತಿದರೆ ಒಳಗಿಂದ ಟಕ್ ಟಕ್ ಅನ್ನುವ ಸದ್ದು ಮಾತ್ರ. ಹಾರ್ಡ್ ಡಿಸ್ಕ್ ಹಾಗೆ ಸದ್ದು ಮಾಡಿದರೆ ಏನರ್ಥ ಅಂತ ನಮ್ಮ ಕಸುಬಿನವರಿಗೆ ಬಿಡಿಸಿ ಹೇಳಬೇಕಿಲ್ಲ.

“ತಲೆ ಕೆಡಿಸ್ಕಬ್ಯಾಡ ಅವ್ವ, ನನ್ ಹತ್ರ ಬ್ಯಾಕಪ್ ಅದ” ಅಂದೆ. ಎಷ್ಟು ಧೈರ್ಯವಾಗಿ ಅಂದೆ ಅಂತ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಆ ಡಬ್ಬದಲ್ಲಿ ಏನಿತ್ತು ಅಂತ ಮೊದಲು ಹೇಳಬೇಕು. ನಮ್ಮೂರು ಹೂಗ್ಯಂ ಹನೂರು ತಾಲ್ಲೂಕಿನಲ್ಲಿ, ಮಲೆ ಮಹದೇಶ್ವರ ಕಾಡಿನ ಅಂಚಿನಲ್ಲಿದೆ. ಅವ್ವ ಅಲ್ಲಿನ ಒಂದು ಹೆಣ್ಣುಮಕ್ಕಳ ಸಂಘದ ಲೆಕ್ಕ ನೋಡಿಕೊಳ್ಳುತ್ತಾಳೆ. 18 ಜನ. ವಾರಕ್ಕೆ ತಲಾ 50 ರೂಪಾಯಿ ಉಳಿತಾಯ, ಅದರಿಂದಲೇ ಒಬ್ಬರಿಗೊಬ್ಬರಿಗೆ ಸಾಲ. ಮಗಳ ಫೀಸು, ಆಡು ಕೊಳ್ಳೋದು, ಆಸ್ಪತ್ರೆ ಖರ್ಚು, ಎಲ್ಲಕ್ಕೂ ಅದೇ ದುಡ್ಡು. ಅವ್ವ ಉದ್ದನೆಯ ರಟ್ಟಿನ ಪುಸ್ತಕದಲ್ಲಿ ಬರೆಯುತ್ತಿದ್ದಳು. ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಪುಟ್ಟ ಪಾಸ್‌ಬುಕ್ಕು ಇರುತ್ತಿತ್ತು.

ಮಗ ಇಂಜಿನಿಯರ್ ಆದಮೇಲೆ ಸುಮ್ಮನಿರುತ್ತಾನೆಯೇ? ಮರಿಯಾಡಿಬಿ ಡೇಟಾಬೇಸ್ ಕೂರಿಸಿ, ಮುಂದೆ ಒಂದು ಸಣ್ಣ ವೆಬ್ ಪುಟ ಮಾಡಿ, ಅತ್ತಿಗೆ ಮೊಬೈಲಿನಿಂದಲೇ ಕಂತು ನಮೂದಿಸುವ ಹಾಗೆ ಮಾಡಿದೆ. ಕಟ್ಟಿದವರ ಕೈಗೆ ಪುಟ್ಟ ಪ್ರಿಂಟರಿನಿಂದ ಚೀಟಿ ಬರುತ್ತಿತ್ತು, ಬಸ್ ಕಂಡಕ್ಟರ್ ಟಿಕೆಟ್ ಕೊಡುವಂತೆ. ಎಲ್ಲರಿಗೂ ಖುಷಿ. “ಇನ್ಯಾಕೆ ಪಾಸ್‌ಬುಕ್ಕು?” ಅಂದವನು ನಾನೇ. ದೀಪಾವಳಿ ಕಳೆದ ಮೇಲೆ “ಇನ್ಯಾಕೆ ನಿನ್ನ ರಟ್ಟಿನ ಪುಸ್ತಕ?” ಅಂತ ಅವ್ವನಿಗೂ ಅಂದೆ. ಅವ್ವ ಬರೆಯುವುದನ್ನು ನಿಲ್ಲಿಸಿದಳು.

ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಹನೂರು ದಾಟಿ ಮಧ್ಯಾಹ್ನ ಮನೆ ಸೇರಿದಾಗ ನನ್ನ ಬ್ಯಾಗಿನಲ್ಲಿ ಹೊಸ ಡಿಸ್ಕ್ ಇತ್ತು, ಬ್ಯಾಕಪ್ ಇರುವ ಎಕ್ಸ್‌ಟರ್ನಲ್ ಡ್ರೈವ್ ಇತ್ತು. ಊರಿಗೆ ಹೋದಾಗಲೆಲ್ಲ ತಪ್ಪದೆ ಕಾಪಿ ಮಾಡಿಕೊಂಡು ಬರುತ್ತಿದ್ದೆ. ಡ್ರೈವ್ ಚುಚ್ಚಿದೆ. 180 ಜಿಬಿ. ತೆಗೆದು ನೋಡಿದರೆ ಅಣ್ಣನ ಮದುವೆ ವಿಡಿಯೊ, ಅಪ್ಪ ನೋಡುವ ಹಳೇ ಸಿನಿಮಾಗಳು, ಹಾಡುಗಳು, ಡೆಬಿಯನ್ ಇನ್‌ಸ್ಟಾಲ್ ಮಾಡುವ ಐಎಸ್‌ಒ ಫೈಲು. ಅಂದರೆ ‘ಹೋಮ್’ ಫೋಲ್ಡರ್ ಪೂರ್ತಿ.

ಡೇಟಾಬೇಸ್ ಮಾತ್ರ ಇರಲಿಲ್ಲ. ಅದು ‘ಹೋಮ್’ನಲ್ಲಿ ಇರುವುದೇ ಇಲ್ಲ. ‘ವಾರ್’ ಅನ್ನುವ ಫೋಲ್ಡರಿನ ಒಳಗೆ, ‘ಲಿಬ್’ ಒಳಗೆ ಇರುತ್ತದೆ. ನನಗೆ ಗೊತ್ತಿತ್ತು. ಆಫೀಸಿನಲ್ಲಿ ಬೇರೆಯವರಿಗೆ ಹೇಳಿಕೊಡುವ ವಿಷಯ. ಆದರೆ ಮನೆಯ ಡಬ್ಬದ ಮುಂದೆ ಕೂತಾಗ ಕಣ್ಣಿಗೆ ದೊಡ್ಡದಾಗಿ ಕಂಡದ್ದನ್ನು ಎತ್ತಿಕೊಂಡು ಬಂದಿದ್ದೆ. 18 ಜನರ ಮೂರು ವರ್ಷದ ಲೆಕ್ಕವನ್ನು ಒಂದು ಡಂಪ್ ಫೈಲ್ ಮಾಡಿದ್ದರೆ ಎರಡು ಎಂಬಿಯೂ ಆಗುತ್ತಿರಲಿಲ್ಲ. ಮೊಬೈಲಿನಲ್ಲಿ ತೆಗೆದ ಒಂದು ಫೋಟೊಗಿಂತ ಚಿಕ್ಕದು.

ಬಿಳೀ ಚೀಟಿಗಳು

ದೀಪಾವಳಿವರೆಗಿನ ಲೆಕ್ಕ ಅವ್ವನ ರಟ್ಟಿನ ಪುಸ್ತಕದಲ್ಲಿತ್ತು. ಆಮೇಲಿನ ಆರು ತಿಂಗಳು? “ಚೀಟಿ ತಕಂಡ್ ಬನ್ನಿ” ಅಂತ ಅತ್ತಿಗೆ ಮನೆ ಮನೆಗೆ ಹೇಳಿ ಬಂದರು. ಸಂಜೆ ಎಲ್ಲರೂ ಬಂದು ಜಗುಲಿಯಲ್ಲಿ ಕೂತರು. ಎಲೆಯಡಿಕೆ ಚೀಲದಿಂದ, ಅರಿಶಿನದ ಡಬ್ಬಿಯಿಂದ, ಸೆರಗಿನ ಗಂಟಿನಿಂದ ಚೀಟಿಗಳು ಹೊರಬಂದವು. ಅರ್ಧಕ್ಕರ್ಧ ಬೆಳ್ಳಗಿದ್ದವು. ಅಂಥ ಪ್ರಿಂಟರಿನಲ್ಲಿ ಇಂಕು ಇರುವುದಿಲ್ಲ. ಶಾಖಕ್ಕೆ ಕಪ್ಪಾಗುವ ಕಾಗದ ಅದು. ಬಿಸಿಲು, ಬೆವರು, ಎಣ್ಣೆ ತಾಗಿದರೆ ಅಕ್ಷರ ಮಾಸುತ್ತದೆ. ಇದೂ ನನಗೆ ಗೊತ್ತಿರಬೇಕಿತ್ತು.

ಉಳಿದದ್ದನ್ನು ನೆನಪಿನಿಂದ ಬರೆದೆವು. ಯಾರು ಎಷ್ಟು ಕಟ್ಟಿದ್ದೇವೆ ಅಂತ ಹೇಳಿದರೋ ಅಷ್ಟೂ ಕೂಡಿಸಿ, ಬ್ಯಾಂಕಿಗೆ ಜಮಾ ಆದ ಮೊತ್ತದ ಜೊತೆ ತಾಳೆ ನೋಡಿದರೆ 1,850 ರೂಪಾಯಿ ವ್ಯತ್ಯಾಸ. ಅದರಲ್ಲಿ 650 ಚಿಲ್ಲರೆ ತಪ್ಪು, ಅಲ್ಲಲ್ಲಿ ಹರಿದು ಹಂಚಿದ್ದು. ಉಳಿದ 1,200? ನಮ್ಮ ಪಕ್ಕದ ಬೀದಿಯ ಚಿಕ್ಕಮ್ಮ, 600ರ ಎರಡು ಕಂತು ಕಟ್ಟಿದ್ದೇನೆ ಅಂದರು. ಅವರ ಹತ್ತಿರ ಬಿಳೀ ಚೀಟಿಯೂ ಇರಲಿಲ್ಲ. ಮಳೆಗೆ ಸೋರುವ ಮನೆ, ಎಲ್ಲೋ ಹೋಗಿತ್ತು.

ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಎಲ್ಲರೂ ಒಂದು ಗಳಿಗೆ ಅವರ ಕಡೆ ನೋಡಿದರು. ಚಿಕ್ಕಮ್ಮ ಎದ್ದು ಹೊರಟುಹೋದರು. ಮೂರು ವಾರ ಸಂಘಕ್ಕೆ ಬರಲಿಲ್ಲ.

ದುಡ್ಡು ನಾನು ಹಾಕುತ್ತೇನೆ ಅಂದೆ. ಹಾಕಿದೆ ಕೂಡ. ಅವ್ವ ಅಂದಳು: “ನೀ ಕೊಟ್ರ ದುಡ್ಡು ಸರಿಹೋಯ್ತದ. ಮಾತು ಸರಿಹೋದ್ದಾ?”

ಚಿಕ್ಕಮ್ಮ ಸುಳ್ಳು ಹೇಳುವವರಲ್ಲ ಅಂತ ನನಗೆ ಗೊತ್ತು, ಅವ್ವನಿಗೂ ಗೊತ್ತು. ಆದರೆ ಗೊತ್ತಿರುವುದು ಬೇರೆ, ಬರಹ ತೋರಿಸುವುದು ಬೇರೆ. ಬಡವರ ಮರ್ಯಾದೆ ಎಷ್ಟೋ ಸಲ ಒಂದು ಸಾಲಿನ ಬರಹದ ಮೇಲೆ ನಿಂತಿರುತ್ತದೆ. ಆ ಸಾಲನ್ನು ಕಳೆದವನು ನಾನು.

ಅವ್ವನ ಮಡಕೆ

ಅವತ್ತು ರಾತ್ರಿ ನಿದ್ದೆ ಬರದೆ ಹಿಂದಿನ ಕೋಣೆಗೆ ಹೋದಾಗ ಅವ್ವ ಬಿತ್ತನೆ ರಾಗಿಯ ಮಡಕೆ ಬಿಚ್ಚಿಕೊಂಡು ಕೂತಿದ್ದಳು. ಮುಂಗಾರು ಹತ್ತಿರ ಬಂದಿತ್ತಲ್ಲ, ಹುಳ ಬಿದ್ದಿದೆಯಾ ಅಂತ ನೋಡುತ್ತಿದ್ದಳು. ಬೂದಿ, ಬೇವಿನ ಸೊಪ್ಪು ಬೆರೆಸಿ ಬಾಯಿ ಕಟ್ಟಿ ಇಟ್ಟಿದ್ದ ಮಡಕೆ. ಪಕ್ಕದಲ್ಲೇ ಮೂಟೆಗಟ್ಟಲೆ ತಿನ್ನುವ ರಾಗಿ, ಬರೀ ಗೋಣಿಚೀಲದಲ್ಲಿ.

“ಅದಕ್ಕೆ ಯಾಕಿಲ್ಲ ಇಷ್ಟು ಉಪಚಾರ?” ಅಂತ ಕೇಳಿದೆ.

“ತಿನ್ನೋ ರಾಗಿ ಹೋದ್ರ ಅಂಗಡೀಲಿ ಸಿಕ್ತದ ಮಗ. ನಮ್ಮ ಹೊಲದ ಬೀಜ ಎಲ್ ಸಿಕ್ಕದು?” ಅಂದಳು. ಆಮೇಲೆ ಮಡಕೆ ಬಾಯಿ ಕಟ್ಟುತ್ತಾ, “ಇದ್ರಲ್ ಅರ್ಧ ನಿಮ್ಮ ಸೋದರತ್ತೆ ಮನೇಲದ” ಅಂತ ಸೇರಿಸಿದಳು.

ನಾನು ಹತ್ತು ವರ್ಷದಿಂದ ಸಂಬಳ ತೆಗೆದುಕೊಂಡು ಮಾಡುವ ಕೆಲಸದ ಸಾರಾಂಶ ಅಷ್ಟೇ. ಏನನ್ನು ಬ್ಯಾಕಪ್ ಮಾಡಬೇಕು ಅಂತ ಆರಿಸುವಾಗ ‘ಇದು ಎಷ್ಟು ದೊಡ್ಡದು’ ಅಂತ ಕೇಳಬಾರದು. ‘ಇದು ಎಷ್ಟು ಮುಖ್ಯ’ ಅಂತಲೂ ಕೇಳಬಾರದು. ಕೇಳಬೇಕಾದ ಪ್ರಶ್ನೆ ಒಂದೇ: ಇದು ಹೋದರೆ ಮತ್ತೆ ಎಲ್ಲಿಂದ ತರುತ್ತೇನೆ? ಲಿನಕ್ಸ್ ಕರ್ನಲ್ ಇಲ್ಲದೆ ಕಂಪ್ಯೂಟರ್ ಏಳುವುದೇ ಇಲ್ಲ, ಅಷ್ಟು ಮುಖ್ಯ. ಆದರೆ ಅದು ಜಗತ್ತಿನ ಮೂಲೆ ಮೂಲೆಯಲ್ಲಿ ಪುಕ್ಕಟೆ ಸಿಗುತ್ತದೆ. ಚಿಕ್ಕಮ್ಮನ ಎರಡು ಕಂತು ಟಿವಿ ಸ್ಟ್ಯಾಂಡ್ ಕೆಳಗೆ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ನಿಮ್ಮಲ್ಲಿ ಎಷ್ಟೋ ಜನರ ಹತ್ತಿರ ಒಂದು ಉಬುಂಟು ಲ್ಯಾಪ್‌ಟಾಪ್ ಇರುತ್ತದೆ, ಇಲ್ಲವೇ ತಿಂಗಳಿಗೆ ಇಷ್ಟು ಅಂತ ಬಾಡಿಗೆ ಕಟ್ಟುವ ಒಂದು ಸಣ್ಣ ಸರ್ವರ್ ಇರುತ್ತದೆ. ಈ ಪ್ರಶ್ನೆ ಹಿಡಿದುಕೊಂಡು ಅದರ ಫೋಲ್ಡರ್‌ಗಳನ್ನು ಒಂದು ಸುತ್ತು ಹಾಕೋಣ. ಹೆಸರುಗಳನ್ನು ಕನ್ನಡದಲ್ಲೇ ಬರೆಯುತ್ತೇನೆ. ಟರ್ಮಿನಲ್ ಮುಂದೆ ಕೂತಾಗ ನಿಮಗೇ ಗುರುತು ಸಿಗುತ್ತದೆ.

ತಿನ್ನೋ ರಾಗಿ: ಬಿಡಬಹುದಾದದ್ದು

‘ಪ್ರೋಕ್’, ‘ಸಿಸ್’, ‘ಡೆವ್’, ‘ರನ್’. ಈ ನಾಲ್ಕನ್ನು ಮುಟ್ಟಲೇಬೇಡಿ. ಇವು ಡಿಸ್ಕಿನಲ್ಲಿ ಇರುವುದೇ ಇಲ್ಲ. ಕಂಪ್ಯೂಟರ್ ಓಡುತ್ತಿರುವಾಗ ಕರ್ನಲ್ ಮೆಮೊರಿಯಲ್ಲಿ ಹುಟ್ಟಿಸಿ ತೋರಿಸುವ ನೆರಳುಗಳು. ‘ಪ್ರೋಕ್’ ಒಳಗೆ ‘ಕೆಕೋರ್’ ಅನ್ನುವ ಫೈಲಿದೆ. ಈಗಿನ 64 ಬಿಟ್ ಪಿಸಿಗಳಲ್ಲಿ ಅದರ ಗಾತ್ರ ಕೇಳಿದರೆ 128 ಟೆರಾಬೈಟ್ ಅಂತ ತೋರಿಸುತ್ತದೆ! ‘ಎಲ್ಲವನ್ನೂ ಕಾಪಿ ಮಾಡಿಬಿಡೋಣ’ ಅಂತ ಹೊರಟ ಎಷ್ಟೋ ಜನರ ಬ್ಯಾಕಪ್ ಇಂಥ ಕಡೆ ಸಿಕ್ಕಿಕೊಂಡು ಒದ್ದಾಡುತ್ತದೆ. 1996ರಿಂದ ಬಳಕೆಯಲ್ಲಿರುವ ‘ಆರ್‌ಸಿಂಕ್’ಗೆ ‘ಒಂದೇ ಫೈಲ್ ಸಿಸ್ಟಮ್ ಒಳಗಿರು’ ಅಂತ ಹೇಳುವ ‘ಮೈನಸ್ ಎಕ್ಸ್’ ಆಯ್ಕೆ ಇರುವುದು ಅದಕ್ಕೇ. ಆದರೆ ನಿಮ್ಮ ‘ಹೋಮ್’ ಬೇರೆ ಪಾರ್ಟಿಷನ್‌ನಲ್ಲಿದ್ದರೆ ಅದನ್ನೂ ಬಿಟ್ಟುಬಿಡುತ್ತದೆ, ಹುಷಾರು.

‘ಟಿಎಂಪಿ’ ಹೆಸರೇ ಹೇಳುವಂತೆ ತಾತ್ಕಾಲಿಕ. ‘ವಾರ್’ ಒಳಗಿನ ‘ಕ್ಯಾಶ್’ ಕೂಡ ಬೇಡ, ಮತ್ತೆ ತಾನೇ ತುಂಬಿಕೊಳ್ಳುತ್ತದೆ.

ಇನ್ನು ‘ಯುಎಸ್‌ಆರ್’. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಯುನಿಕ್ಸ್ ಶುರು ಮಾಡಿದರಲ್ಲ, ಅದರ ಮೊದಲ ದಿನಗಳಲ್ಲಿ ಬಳಕೆದಾರರ ಸ್ವಂತ ಫೈಲುಗಳು ಇಲ್ಲೇ ಇರುತ್ತಿದ್ದವು. ಹೆಸರು ಉಳಿಯಿತು, ಸಂಸಾರ ಬದಲಾಯಿತು. ಈಗ ಇಲ್ಲಿರುವುದು ಪ್ಯಾಕೇಜುಗಳಿಂದ ಬಂದ ಪ್ರೋಗ್ರಾಮುಗಳು. ಹತ್ತಾರು ಜಿಬಿ ಇದ್ದರೂ ಪೂರ್ತಿ ಅಂಗಡಿಯ ರಾಗಿ. ಇಂಟರ್‌ನೆಟ್ ಇದ್ದರೆ ಅರ್ಧ ಗಂಟೆಯಲ್ಲಿ ವಾಪಸ್ ಬರುತ್ತದೆ.

ಆದರೆ ಯಾವ ಯಾವ ಪ್ಯಾಕೇಜು ಹಾಕಿದ್ದಿರಿ ಅನ್ನುವ ಪಟ್ಟಿ ಅಂಗಡಿಯಲ್ಲಿ ಸಿಗುವುದಿಲ್ಲ. ಡೆಬಿಯನ್, ಉಬುಂಟುಗಳಲ್ಲಿ ‘ಎಪಿಟಿ-ಮಾರ್ಕ್ ಶೋಮ್ಯಾನ್ಯುವಲ್’ ಅಂತ ಕೊಟ್ಟರೆ ನೀವಾಗಿ ಕೇಳಿ ಹಾಕಿಸಿಕೊಂಡವುಗಳ ಪಟ್ಟಿ ಬರುತ್ತದೆ. ಅದನ್ನು ಒಂದು ಟೆಕ್ಸ್ಟ್ ಫೈಲಿಗೆ ಇಳಿಸಿ. ಕೆಲವೇ ಕೆಬಿ. ಅಡುಗೆಯನ್ನೇ ಡಬ್ಬಿ ಕಟ್ಟಿ ಇಡುವ ಬದಲು ದಿನಸಿ ಚೀಟಿ ಇಟ್ಟುಕೊಂಡ ಹಾಗೆ.

ಬಿತ್ತೋ ರಾಗಿ: ಬಿಡಬಾರದ್ದು

ಮೊದಲನೆಯದು ‘ಇಟಿಸಿ’. ಇತ್ಯಾದಿ ಅನ್ನುವ ಅರ್ಥದ ‘ಎಟ್‌ಸೆಟ್ರಾ’ದಿಂದ ಬಂದ ಹೆಸರು. ಬೇರೆಲ್ಲೂ ಸೇರದ ಚಿಲ್ಲರೆಗಳನ್ನು ಹಾಕುವ ಮೂಲೆ ಆಗಿತ್ತು. ಇವತ್ತು ಕಂಪ್ಯೂಟರಿನ ಸ್ವಭಾವವೆಲ್ಲ ಇಲ್ಲೇ ಇದೆ: ಯಾರ್ಯಾರಿಗೆ ಖಾತೆ ಇದೆ, ಪಾಸ್‌ವರ್ಡ್ ಹ್ಯಾಶ್‌ಗಳು, ಯಾವ ಡಿಸ್ಕ್ ಎಲ್ಲಿ ಕೂರಬೇಕು, ನೆಟ್‌ವರ್ಕ್, ಪ್ರಿಂಟರ್, ವೆಬ್ ಸರ್ವರ್ ಹೇಗೆ ನಡೆಯಬೇಕು. ಸಾಮಾನ್ಯವಾಗಿ ಕೆಲವೇ ಎಂಬಿ. ರಾತ್ರಿಯೆಲ್ಲ ಕೂತು ಸರಿಮಾಡಿದ ಒಂದೊಂದು ಸಾಲೂ ಇಲ್ಲೇ ಇರುತ್ತದೆ, ಇಂಟರ್‌ನೆಟ್‌ನಲ್ಲಿ ಎಲ್ಲೂ ಸಿಗುವುದಿಲ್ಲ. ‘ಇಟಿಸಿಕೀಪರ್’ ಅನ್ನುವ ಪುಟ್ಟ ಸಲಕರಣೆ ಈ ಫೋಲ್ಡರನ್ನು ಗಿಟ್‌ನಲ್ಲಿ ಇಡುತ್ತದೆ. ಯಾವಾಗ ಏನು ಬದಲಾಯಿಸಿದ್ದೆ ಅಂತ ಹಿಂದಕ್ಕೆ ಹೋಗಿ ನೋಡಬಹುದು.

ಒಂದು ಎಚ್ಚರಿಕೆ. ಹೊಸ ಡಿಸ್ಕಿಗೆ ವಾಪಸ್ ಹಾಕುವಾಗ ಇಡೀ ‘ಇಟಿಸಿ’ಯನ್ನು ಕಣ್ಣು ಮುಚ್ಚಿಕೊಂಡು ಸುರಿಯಬೇಡಿ. ಅದರೊಳಗಿನ ‘ಎಫ್‌ಎಸ್‌ಟ್ಯಾಬ್’ನಲ್ಲಿ ಹಳೇ ಡಿಸ್ಕಿನ ಗುರುತಿನ ಸಂಖ್ಯೆ ಇರುತ್ತದೆ. ಹೊಸ ಡಿಸ್ಕಿನಲ್ಲಿ ಅದನ್ನೇ ಹುಡುಕಿಕೊಂಡು ಕಂಪ್ಯೂಟರ್ ಏಳುವುದೇ ಇಲ್ಲ. ಪಕ್ಕದಲ್ಲಿ ತೆರೆದಿಟ್ಟು ಬೇಕಾದ್ದನ್ನು ಮಾತ್ರ ಎತ್ತಿಕೊಳ್ಳಿ.

ಎರಡನೆಯದು ‘ಹೋಮ್’, ಚುಕ್ಕಿಯಿಂದ ಶುರುವಾಗುವ ಫೈಲುಗಳ ಸಮೇತ. ಇವು ಮಾಮೂಲಿ ನೋಟಕ್ಕೆ ಕಾಣುವುದಿಲ್ಲ. ಟರ್ಮಿನಲ್‌ನಲ್ಲಿ ನಕ್ಷತ್ರ ಚಿಹ್ನೆ ಹಾಕಿ ಕಾಪಿ ಮಾಡಿದರೆ ಇವು ಬರುವುದೂ ಇಲ್ಲ. ಎಸ್‌ಎಸ್‌ಎಚ್ ಕೀ, ಬ್ರೌಸರ್ ಬುಕ್‌ಮಾರ್ಕು, ಗಿಟ್ ಸೆಟ್ಟಿಂಗು ಎಲ್ಲ ಇರುವುದು ಅಲ್ಲೇ. ಅದರೊಳಗಿನ ‘ಚುಕ್ಕಿ ಕ್ಯಾಶ್’ ಮಾತ್ರ ಬಿಡಬಹುದು. ‘ರೂಟ್’ ಅನ್ನುವ ಫೋಲ್ಡರ್ ‘ಹೋಮ್’ ಒಳಗಿಲ್ಲ, ಬೇರೆ ಇದೆ. ಆಗಾಗ ಅರ್ಜೆಂಟಿಗೆ ಬರೆದಿಟ್ಟ ಸ್ಕ್ರಿಪ್ಟುಗಳು ಅಲ್ಲಿ ಕೂತಿರುತ್ತವೆ.

ಮೂರನೆಯದು ನಾನು ಸೋತ ಜಾಗ, ‘ವಾರ್’. ಬದಲಾಗುತ್ತಲೇ ಇರುವುದು ಅನ್ನುವ ಅರ್ಥದ ಹೆಸರು. ‘ವಾರ್’ ಒಳಗಿನ ‘ಲಿಬ್’ನಲ್ಲಿ ಡೇಟಾಬೇಸುಗಳು, ಡಾಕರ್ ಬಳಸುವವರಾದರೆ ಅದರ ವಾಲ್ಯೂಮುಗಳು. ‘ಸ್ಪೂಲ್’ ಒಳಗೆ ‘ಕ್ರಾನ್’, ಅಂದರೆ ಇಷ್ಟು ಹೊತ್ತಿಗೆ ಈ ಕೆಲಸ ಮಾಡು ಅಂತ ನೀವು ಬರೆದ ವೇಳಾಪಟ್ಟಿ. ‘ಇಟಿಸಿ’ ತೆಗೆದುಕೊಂಡೆ ಅಂತ ನಿಶ್ಚಿಂತೆಯಾಗಿರುವವರು ಹೆಚ್ಚಾಗಿ ಮರೆಯುವುದು ಇದನ್ನೇ. ಕೆಲವರ ವೆಬ್‌ಸೈಟು ಇಲ್ಲೇ ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಒಳಗಿರುತ್ತದೆ, ಕೆಲವರದು ‘ಎಸ್‌ಆರ್‌ವಿ’ಯಲ್ಲಿ.

ಡೇಟಾಬೇಸ್ ಓಡುತ್ತಿರುವಾಗ ಅದರ ಫೈಲುಗಳನ್ನು ಸುಮ್ಮನೆ ಕಾಪಿ ಮಾಡಿದರೆ ಪ್ರಯೋಜನವಿಲ್ಲ. ಅರ್ಧ ಬರೆದಿದ್ದು, ಅರ್ಧ ಬರೆಯದಿದ್ದು ಸೇರಿ ಕಲಸುಮೇಲೋಗರವಾಗುತ್ತದೆ. ‘ಮೈಎಸ್‌ಕ್ಯೂಎಲ್‌ಡಂಪ್’, ‘ಪಿಜಿಡಂಪ್’ ಇರುವುದು ಅದಕ್ಕೇ. ಮೊದಲು ಡಂಪ್, ಆಮೇಲೆ ಕಾಪಿ.

ನಾಲ್ಕನೆಯದು ‘ಆಪ್ಟ್’ ಮತ್ತು ‘ಯುಎಸ್‌ಆರ್’ ಒಳಗಿನ ‘ಲೋಕಲ್’. ಅಂಗಡಿಯ ರಾಗಿ ಮೂಟೆಗಳ ನಡುವೆ ಇಟ್ಟ ಬೀಜದ ಮಡಕೆ ಇದು. ಪ್ಯಾಕೇಜಿನಿಂದ ಬಾರದೆ ನೀವೇ ಕೈಯಾರೆ ಕೂರಿಸಿದ್ದೆಲ್ಲ ಇಲ್ಲಿರುತ್ತದೆ. ನಮ್ಮ ಡಬ್ಬದಲ್ಲಿ ಇಲ್ಲಿ ಏನಿತ್ತು ಗೊತ್ತಾ? ನುಡಿ ಫಾಂಟುಗಳು. ಸಂಘದ ಹಳೇ ನಡಾವಳಿ, ಅರ್ಜಿಗಳನ್ನು ಹಿಂದೆ ಡಿಟಿಪಿ ಅಂಗಡಿಯಲ್ಲಿ ಹಳೇ ನುಡಿ ಅಕ್ಷರದಲ್ಲಿ ಟೈಪ್ ಮಾಡಿಸಿದ್ದರು. ಆ ಫೈಲುಗಳು ‘ಹೋಮ್’ನಲ್ಲಿದ್ದವು, ಹಾಗಾಗಿ ಬ್ಯಾಕಪ್‌ನಲ್ಲೂ ಇದ್ದವು. ಫಾಂಟು ಇರಲಿಲ್ಲ. ತೆರೆದರೆ ಇಂಗ್ಲಿಷ್ ಅಕ್ಷರಕ್ಕೆ ಚುಕ್ಕೆ ಗೆರೆ ಅಂಟಿಸಿದಂಥ ಗೋಜಲು. ಫೈಲ್ ಇದ್ದೂ ಇಲ್ಲದ ಹಾಗೆ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡ ಇದೆ. ಆದರೂ ನಮ್ಮ ಮನೆ, ಕಚೇರಿ, ಮಠ, ಶಾಲೆಗಳ ಎಷ್ಟೋ ದಾಖಲೆಗಳು ಇನ್ನೂ ಹಳೇ ಫಾಂಟುಗಳಲ್ಲೇ ಕೂತಿವೆ. ಅಂಥ ಫೈಲ್ ನಿಮ್ಮಲ್ಲಿದ್ದರೆ ಫಾಂಟನ್ನೂ ಜೊತೆಗೇ ಇಡಿ. ಬಿಡುವಾದಾಗ ಯೂನಿಕೋಡಿಗೆ ಬದಲಾಯಿಸಿಬಿಡಿ. ಫಾಂಟು ಬೇರೆ ಕಡೆ ಸಿಕ್ಕಿ ನನಗೆ ಅದು ಬಚಾವಾಯಿತು. ಲೆಕ್ಕ ಬಚಾವಾಗಲಿಲ್ಲ.

ಎಲ್ಲಿ ಇಡೋದು, ಹೇಗೆ ನಂಬೋದು

ಪೆನ್‌ಡ್ರೈವಿಗೆ ನೇರವಾಗಿ ಎಳೆದು ಹಾಕುವ ಅಭ್ಯಾಸ ನಮ್ಮೆಲ್ಲರಿಗೂ ಇದೆ. ಅದು ‘ಎಫ್‌ಎಟಿ 32’ ಆಗಿದ್ದರೆ ಯಾವ ಫೈಲ್ ಯಾರದು, ಯಾರು ಓದಬಹುದು ಅನ್ನುವ ಲಿನಕ್ಸಿನ ಗುರುತುಗಳೆಲ್ಲ ಅಳಿಸಿಹೋಗುತ್ತವೆ, 4 ಜಿಬಿ ದಾಟಿದ ಫೈಲ್ ಹೋಗುವುದೇ ಇಲ್ಲ. ‘ಟಾರ್’ನಲ್ಲಿ ಗಂಟು ಕಟ್ಟಿ ಹಾಕಿದರೆ ಗುರುತು ಉಳಿಯುತ್ತದೆ.

ಗಂಟಿನೊಳಗೆ ಪಾಸ್‌ವರ್ಡ್ ಹ್ಯಾಶ್, ಕೀಗಳು, ಹೆಣ್ಣುಮಕ್ಕಳ ಆಧಾರ್ ಸ್ಕ್ಯಾನ್ ಎಲ್ಲ ಇರುವಾಗ ಅದನ್ನು ಬೀಗ ಹಾಕದೆ ಕ್ಲೌಡಿಗೆ ಏರಿಸಬೇಡಿ. ‘ರೆಸ್ಟಿಕ್’ನಂಥ ಸಲಕರಣೆ ತಾನಾಗಿಯೇ ಎನ್‌ಕ್ರಿಪ್ಟ್ ಮಾಡುತ್ತದೆ. ಅದರ ಪಾಸ್‌ವರ್ಡನ್ನು ಅದೇ ಕಂಪ್ಯೂಟರಿನಲ್ಲಿ ಮಾತ್ರ ಬರೆದಿಟ್ಟರೆ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಜಡಿದ ಹಾಗೆ. ನಮ್ಮದು ಈಗ ಒಂದು ಕಾಗದದ ಮೇಲೆ ಅವ್ವನ ಟ್ರಂಕಿನಲ್ಲಿದೆ, ಪಹಣಿ, ರೇಷನ್ ಕಾರ್ಡಿನ ಜೊತೆ.

2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಒಬ್ಬ ಇಂಜಿನಿಯರ್ ತಪ್ಪು ಸರ್ವರಿನಲ್ಲಿ ಡೇಟಾಬೇಸ್ ಫೋಲ್ಡರನ್ನೇ ಅಳಿಸಿಬಿಟ್ಟರು. ಬ್ಯಾಕಪ್‌ಗೆ ಹಲವು ದಾರಿ ಮಾಡಿಟ್ಟಿದ್ದರು. ತೆಗೆದು ನೋಡಿದರೆ ದಿನವೂ ಆಗಬೇಕಿದ್ದ ಡಂಪ್ ವರ್ಷನ್ ಹೊಂದದೆ ಆಗುತ್ತಲೇ ಇರಲಿಲ್ಲ. ಅದನ್ನು ತಿಳಿಸಬೇಕಿದ್ದ ಇಮೇಲುಗಳೂ ತಲುಪುತ್ತಿರಲಿಲ್ಲ. ಒಬ್ಬರು ಬೇರೆ ಕೆಲಸಕ್ಕೆಂದು ತೆಗೆದಿದ್ದ ಆರು ಗಂಟೆ ಹಳೇ ಕಾಪಿಯೇ ಕೊನೆಗೆ ಕೈಹಿಡಿಯಿತು. ಇದನ್ನೆಲ್ಲ ಅವರೇ ಬಹಿರಂಗವಾಗಿ ಬರೆದುಕೊಂಡರು, ಅದು ದೊಡ್ಡತನ. ನಮಗೆ ಪಾಠ ಇಷ್ಟೇ: ವಾಪಸ್ ಹಾಕಿ ನೋಡದ ಬ್ಯಾಕಪ್, ಬ್ಯಾಕಪ್ ಅಲ್ಲ. ನಾನು ಒಂದೇ ಒಂದು ಸಲ ಎಕ್ಸ್‌ಟರ್ನಲ್ ಡ್ರೈವಿನಿಂದ ಸಂಘದ ಲೆಕ್ಕ ತೆರೆಯಲು ಪ್ರಯತ್ನಿಸಿದ್ದರೂ ಗೊತ್ತಾಗಿಬಿಡುತ್ತಿತ್ತು.

ಇನ್ನೊಂದು ಕಥೆ ‘ಟಾಯ್ ಸ್ಟೋರಿ 2’ ಸಿನಿಮಾದ್ದು. 1998ರಲ್ಲಿ ಪಿಕ್ಸಾರ್‌ನಲ್ಲಿ ಯಾರೋ ಕೊಟ್ಟ ಒಂದು ಅಳಿಸುವ ಕಮಾಂಡಿನಿಂದ ಸಿನಿಮಾದ ಬಹುಪಾಲು ಫೈಲುಗಳು ಹೋದವು. ಬ್ಯಾಕಪ್ ನಂಬುವ ಹಾಗಿರಲಿಲ್ಲ. ಹೆರಿಗೆಯಾದ ಮೇಲೆ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್‌ಮನ್ ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಕಾಪಿ ಸಿಕ್ಕಿತು. ಸೋದರತ್ತೆ ಮನೆಯ ಮಡಕೆ! ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದಾದರೂ ಬೇರೆ ಜಾಗದಲ್ಲಿ ಅನ್ನುವ ‘3-2-1’ ನಿಯಮ ಹೇಳುವುದೂ ಇದನ್ನೇ.

ಈಗ ಹೂಗ್ಯಂನಲ್ಲಿ

ಡಬ್ಬಕ್ಕೆ ಹೊಸ ಡಿಸ್ಕ್ ಬಂದಿದೆ, ಜೊತೆಗೆ ಒಂದು ಯುಪಿಎಸ್. ದಿನಾ ರಾತ್ರಿ ಡಂಪ್ ಆಗುತ್ತದೆ. ‘ಇಟಿಸಿ’, ‘ಹೋಮ್’ನ ಬೇಕಾದ ಭಾಗ, ‘ಕ್ರಾನ್’, ‘ಲೋಕಲ್’, ಪ್ಯಾಕೇಜ್ ಪಟ್ಟಿ ಎಲ್ಲ ಸೇರಿ ಬೀಗ ಬಿದ್ದು ಬೆಂಗಳೂರಿನ ನನ್ನ ಕಂಪ್ಯೂಟರಿಗೆ ಬಂದು ಸೇರುತ್ತದೆ. ಮದುವೆ ವಿಡಿಯೊವನ್ನು ಬೇರೆ ಡಿಸ್ಕಿನಲ್ಲಿ ಇಟ್ಟಿದ್ದೇವೆ. ಅದೂ ಬಿತ್ತೋ ರಾಗಿಯೇ, ಆದರೆ ದಿನಾ ಬದಲಾಗುವುದಿಲ್ಲ. ಅದನ್ನು ಬಿಟ್ಟರೆ ಇಡೀ ಗಂಟು 60 ಎಂಬಿ ದಾಟಿಲ್ಲ. ತಿಂಗಳ ಮೊದಲ ಭಾನುವಾರ ಅದನ್ನು ಬಿಚ್ಚಿ, ಯಾರಾದರೂ ಒಬ್ಬರ ಲೆಕ್ಕ ತೆಗೆದು, ಅವ್ವನಿಗೆ ಫೋನಿನಲ್ಲಿ ಓದಿ ಹೇಳುತ್ತೇನೆ. ಅವ್ವ ರಟ್ಟಿನ ಪುಸ್ತಕ ನೋಡಿ ‘ಸರಿ’ ಅನ್ನುತ್ತಾಳೆ. ಹೌದು, ರಟ್ಟಿನ ಪುಸ್ತಕ ಮತ್ತೆ ಶುರುವಾಗಿದೆ. ಬೇಡ ಅನ್ನುವ ಧೈರ್ಯ ನನಗಿಲ್ಲ.

ಮಾರ್ಚ್ 31 ವಿಶ್ವ ಬ್ಯಾಕಪ್ ದಿನ. ನಮ್ಮಲ್ಲಿ ಲೆಕ್ಕದ ವರ್ಷ ಮುಗಿಯುವುದೂ ಅವತ್ತೇ. ಅಲ್ಲಿಯವರೆಗೆ ಕಾಯಬೇಡಿ. ಈ ವಾರಾಂತ್ಯ ಟರ್ಮಿನಲ್ ತೆರೆದು ಒಂದೊಂದೇ ಫೋಲ್ಡರ್ ಮುಂದೆ ನಿಂತು ಅವ್ವನ ಪ್ರಶ್ನೆ ಕೇಳಿ. ಹೋದ್ರ ಎಲ್ ಸಿಕ್ಕದು?

ಹಳೇ ಡಿಸ್ಕ್ ನನ್ನ ಮೇಜಿನ ಡ್ರಾಯರಿನಲ್ಲೇ ಇದೆ. ಡೇಟಾ ತೆಗೆಸಲು ಒಂದು ಅಂಗಡಿಯಲ್ಲಿ 28 ಸಾವಿರ ಕೇಳಿದರು, ಅದೂ ಗ್ಯಾರಂಟಿ ಇಲ್ಲದೆ. 1,200 ರೂಪಾಯಿಗಾಗಿ 28 ಸಾವಿರವಾ ಅಂತ ಒಂದು ಮನಸ್ಸು. ಅದು ಬರೀ 1,200 ರೂಪಾಯಿಯಲ್ಲ ಅಂತ ಇನ್ನೊಂದು ಮನಸ್ಸು. ಎಸೆಯಲು ಆಗಿಲ್ಲ.

ಚಿಕ್ಕಮ್ಮನ ಮನೆಗೆ ನಾನೇ ಹೋಗಿ, ತಪ್ಪು ನನ್ನದು, ಲೆಕ್ಕ ಕಳೆದವನು ನಾನು ಅಂದೆ. “ಬುಡಪ್ಪ, ನೀನೇನ್ ಬೇಕಂತ ಮಾಡ್ದಾ?” ಅಂದು ಟೀ ಕೊಟ್ಟರು. ನಾಲ್ಕನೇ ವಾರ ಸಂಘಕ್ಕೆ ಬಂದರು. ಆದರೆ ಅವರ ಚೀಲದಲ್ಲಿ ಈಗ ಒಂದು ಸಣ್ಣ ನೋಟ್‌ಬುಕ್ ಇರುತ್ತದೆ. ಪ್ರತಿ ಕಂತಿಗೂ ದಿನಾಂಕ ಹಾಕಿಸಿ, ಅತ್ತಿಗೆಯ ಸಹಿ ಹಾಕಿಸಿಕೊಂಡೇ ಏಳುತ್ತಾರೆ. ಪ್ರಿಂಟರ್ ಚೀಟಿ ಕೊಟ್ಟರೆ ಅದನ್ನೂ ತೆಗೆದುಕೊಳ್ಳುತ್ತಾರೆ, ನೋಟ್‌ಬುಕ್ಕನ್ನೂ ಚಾಚುತ್ತಾರೆ.

ಮೊದಲ ಸಲ ನೋಡಿದಾಗ ಚುರುಕ್ ಅಂದಿತು. ನಮ್ಮ ಮೇಲೆ ನಂಬಿಕೆ ಹೋಯಿತಲ್ಲ ಅಂತ. ಆಮೇಲೆ ಎಣಿಸಿ ನೋಡಿದೆ. ಡಬ್ಬದಲ್ಲಿ ಒಂದು, ಬೆಂಗಳೂರಲ್ಲಿ ಒಂದು, ಅವ್ವನ ಪುಸ್ತಕ, ಚಿಕ್ಕಮ್ಮನ ನೋಟ್‌ಬುಕ್ಕು. ಈಗ ಉಳಿದ 17 ಜನಕ್ಕೂ ಅಂಥದೇ ನೋಟ್‌ಬುಕ್ಕು ತಂದುಕೊಟ್ಟಿದ್ದೇನೆ.